ಡಿಸ್‌ಪ್ಲೇಯಲ್ಲಿ 8.1, ತೋಟದಲ್ಲಿ 18 ದನ

ಮಾರಿಜಾತ್ರೆಯ ವಾರ ಶಿರಸಿ ಸುತ್ತಮುತ್ತ ಆಳು ಸಿಗುವುದಿಲ್ಲ. ಇದು ಗೊತ್ತಿದ್ದೂ ಆಫೀಸಿನವರು ಬೇಣದ (ಹುಲ್ಲುಗಾವಲಿನ) ಸ್ಟ್ರಿಪ್ ಗ್ರೇಜಿಂಗನ್ನು, ಅಂದರೆ ಕರೆಂಟ್ ಬೇಲಿ ಸರಿಸುತ್ತಾ ದಿನಕ್ಕೊಂದು ಪಟ್ಟಿ ಹುಲ್ಲು ಮೇಯಿಸುವುದನ್ನು, ಅದೇ ವಾರಕ್ಕೆ ಇಟ್ಟರು. 18 ಮಲೆನಾಡು ಗಿಡ್ಡ ದನ, 4 ಎಕರೆ ನಿಂತ ಕರಡ (ಒಣಹುಲ್ಲು), 200 ಅಡಿ ಪಾಲಿವೈರ್ (ಕರೆಂಟ್ ಹರಿಯುವ ಬೇಲಿಹುರಿ), ದಿನಕ್ಕೆ 14 ಅಡಿ ಮುಂದಕ್ಕೆ. ಕೊಯ್ಯುವ, ಹೊರೆ ಹೊರುವ, ಮತ್ತೆ ಗೊಬ್ಬರ ಬೇಣಕ್ಕೆ ಸಾಗಿಸುವ ಕೂಲಿ ಉಳಿಯುತ್ತದೆ ಎಂಬ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಮೂರನೇ ದಿನ ಸಂಜೆ 4ಕ್ಕೆ ಕಪ್ಪಿ ಎಂಬ ದನ ಕೆಳಗಿನ ಗಡಿಯ ತಂತಿಗೆ ಮೂಗು ತಾಗಿಸಿತು. ಕರೆಂಟಿನ ಎರಡು ಪಲ್ಸ್ ಹೋಗುವಷ್ಟು ಹೊತ್ತು ತಾಗಿಸಿಯೇ ಇತ್ತು. ಕಿವಿಯೂ ಅಲುಗಲಿಲ್ಲ. ಆಮೇಲೆ ತಲೆ ತಗ್ಗಿಸಿ, ತಂತಿಯಲ್ಲಿ ಬೆನ್ನು ಕೆರೆದುಕೊಂಡು ಆಚೆ ನುಸುಳಿತು. ಆಚೆ ಪಕ್ಕದವರ ಅಡಿಕೆ ತೋಟ, ಅದರಲ್ಲಿ ಆ ವರ್ಷ ನೆಟ್ಟ ಸಸಿ.

ಆಗ ಮಾಡಬೇಕಾಗಿದ್ದದ್ದು ಒಂದೇ: ಆ ಜಾಗದಲ್ಲಿ ನಿಂತು ಉಳಿದ 17ನ್ನು ತಡೆಯುವುದು. ನಾನು ಮಾಡಿದ್ದು, ಬ್ಯಾಟರಿ ಹೋಗಿರಬೇಕೆಂದು 300 ಮೀಟರ್ ಏರು ಹತ್ತಿ ಶೆಡ್ಡಿಗೆ ಹೋಗಿದ್ದು. ತಂತಿಗೆ ಪಲ್ಸ್ ಕಳಿಸುವ ಎನರ್ಜೈಸರ್ ಟಿಕ್ ಟಿಕ್ ಎನ್ನುತ್ತಿತ್ತು, ಡಿಸ್‌ಪ್ಲೇಯಲ್ಲಿ 8.1 ಕೆವಿ (ಕಿಲೋವೋಲ್ಟ್). ಇಳಿದು ಬರುವಷ್ಟರಲ್ಲಿ ಬೇಣ ಖಾಲಿ. ಇನ್ನೊಂದು ಪೆದ್ದುತನವನ್ನೂ ಸೇರಿಸಿದೆ: ಹಿಂದಿನಿಂದ ಹೋಗಿ ಹಚಾ ಹಚಾ ಎಂದು ಅಟ್ಟಿದೆ. ಇಳಿಜಾರಿನಲ್ಲಿ ಹಿಂದಿನಿಂದ ಅಟ್ಟಿದ ದನ ಇನ್ನೂ ಕೆಳಕ್ಕೇ ಓಡುತ್ತದೆ. ಕೊನೆಗೆ ಹಿಂಡಿ ಬಕೆಟ್ ತಂದು ಮೇಲೆ ನಿಂತು ಬಡಿದಾಗ ತಾವಾಗಿಯೇ ಹತ್ತಿ ಬಂದವು. ಅಷ್ಟರಲ್ಲಿ 23 ಸಸಿಗಳ ಸುಳಿ ಹೋಗಿತ್ತು. ಅಡಿಕೆ ಸಸಿಯ ಸುಳಿ ಹೋದರೆ ಸಸಿಯೇ ಹೋದಂತೆ.

ಸೋಲಾರ್ ಬೇಲಿಯಲ್ಲಿ ತಂತಿ ಅರ್ಧ, ನೆಲ ಇನ್ನರ್ಧ. ಪಲ್ಸ್ ತಂತಿಯಿಂದ ಮೂಗಿಗೆ, ಗೊರಸಿನಿಂದ ಮಣ್ಣಿಗೆ, ಮಣ್ಣಿನಿಂದ ಎನರ್ಜೈಸರಿಗೆ ಕಟ್ಟಿ ನೆಲಕ್ಕೆ ಹೊಡೆದ ಅರ್ಥ್ ರಾಡಿಗೆ ಮರಳಿದರೆ ಮಾತ್ರ ಝಟಕಾ. ಮಾರ್ಚಿನಲ್ಲಿ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಹಂಚಿನಂತಾಗಿರುತ್ತದೆ, ಮೇಲೆ ಒಣ ಕರಡದ ಹಾಸು. ಕರೆಂಟಿಗೆ ಹಿಂತಿರುಗಲು ದಾರಿಯಿಲ್ಲ. ದಾರಿ ಇಲ್ಲದ್ದಕ್ಕೇ ವೋಲ್ಟೇಜ್ ಇಳಿಯುವುದೂ ಇಲ್ಲ, ಡಿಸ್‌ಪ್ಲೇ 8ರಲ್ಲೇ ಕೂತಿರುತ್ತದೆ. ದೊಡ್ಡ ಅಂಕಿ ನೋಡಿ ನಾವು ಖುಷಿಪಡುತ್ತಿದ್ದೆವು. ಮೇಲಾಗಿ ದಿನಾ ತಂತಿ ಮುಟ್ಟಿ ಪರೀಕ್ಷಿಸುತ್ತಿದ್ದದ್ದು ಬೆಳಿಗ್ಗೆ 7ಕ್ಕೆ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಯಾರಿಗಾದರೂ ಝಟಕಾ ಹೊಡೆಯುತ್ತದೆ. ಮಧ್ಯಾಹ್ನ 3ಕ್ಕೆ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಅರ್ಥ್ ಟೆಸ್ಟ್ ಮಾಡಿದ್ದು ಮಾರನೇ ದಿನ. ಮೆಷಿನ್ ಆಫ್ ಮಾಡಿ, 100 ಮೀಟರ್ ಆಚೆ ನಾಲ್ಕೈದು ಕಬ್ಬಿಣದ ಸಲಾಕೆಗಳನ್ನು ನೆಲಕ್ಕೆ ಹೊಡೆದು ತಂತಿಗೆ ಒರಗಿಸಬೇಕು. ಆನ್ ಮಾಡಿದಾಗ ಬೇಲಿಯ ವೋಲ್ಟೇಜ್ 2 ಕೆವಿಗಿಂತ ಕೆಳಗೆ ಬರಬೇಕು. ಬರದಿದ್ದರೆ ಸಲಾಕೆ ಹೆಚ್ಚಿಸಿ, ಬುಡಕ್ಕೆ ನೀರು ಹೊಯ್ಯಿರಿ. ಈಗ ಮೀಟರಿನ ಒಂದು ಕಡ್ಡಿಯನ್ನು ಅರ್ಥ್ ರಾಡಿಗೆ, ಇನ್ನೊಂದನ್ನು ಒಂದು ಮೀಟರ್ ದೂರದ ಮಣ್ಣಿಗೆ ಇಡಿ. 0.3 ಕೆವಿ ದಾಟಬಾರದು. ನಮ್ಮದು 2.4. ಕಿಟ್ಟಿನ ಜೊತೆ ಬಂದಿದ್ದ 3 ಅಡಿಯ ಒಂದೇ ರಾಡನ್ನು ಶೆಡ್ಡಿನ ಸೂರಿನ ಕೆಳಗೆ, ಮಳೆಗಾಲದಲ್ಲೂ ನೀರು ಬೀಳದ ಜಾಗದಲ್ಲಿ ಹೊಡೆದಿದ್ದರು.

ಈಗ 6 ಅಡಿಯ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ರಾಡ್, ಒಂದಕ್ಕೊಂದು 10 ಅಡಿ ದೂರ, ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ. ರಾಡ್, ಕ್ಲಾಂಪ್, ತಂತಿ ಎಲ್ಲವೂ ಜಿಐ. ನಡುವೆ ತಾಮ್ರ ಸೇರಿಸಿದರೆ ಸಂದಿನಲ್ಲಿ ತುಕ್ಕು ತಿನ್ನುತ್ತದೆ. ಮನೆಯ ಕರೆಂಟಿನ ಅರ್ಥಿಂಗಿನಿಂದ 10 ಮೀಟರಾದರೂ ದೂರವಿರಲಿ. ಮನೆ ವೈರಿಂಗಿನ ಕೇಬಲ್ಲನ್ನು ಲೀಡ್ ಔಟಿಗೆ (ಎನರ್ಜೈಸರಿನಿಂದ ಬೇಲಿಗೆ ಹೋಗುವ ತಂತಿಗೆ) ಹಾಕಬೇಡಿ, ಅದರ ಇನ್ಸುಲೇಷನ್ 8 ಕೆವಿ ತಡೆಯುವುದಿಲ್ಲ.

ಇಷ್ಟಾದರೂ ಒಣನೆಲದಲ್ಲಿ ಪೂರ್ತಿ ಭರವಸೆಯಿಲ್ಲ. ಹಾಗಾಗಿ ಗಡಿಗೆ ಎರಡನೇ ತಂತಿ ಎಳೆದು ಅದನ್ನು ನೇರವಾಗಿ ಅರ್ಥ್ ರಾಡಿಗೆ ಕಟ್ಟಿದೆವು. ಮೇಲಿನದು ಹಾಟ್ (ಕರೆಂಟ್ ಇರುವುದು), ಕೆಳಗಿನದು ಅರ್ಥ್. ನುಸುಳಲು ಹೋದ ದನ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ, ನೆಲದ ಹಂಗಿಲ್ಲ. ಜೂನ್ ಆದಮೇಲೆ ಹುಲ್ಲು ಬೆಳೆದು ಕೆಳತಂತಿಗೆ ತಾಗಿದರೂ ಅದು ಅರ್ಥ್ ಆದ್ದರಿಂದ ಲೀಕ್ ಇಲ್ಲ. ಎತ್ತರವನ್ನೂ ಬದಲಿಸಿದೆವು. ಫಿಟ್ಟರ್ ಜರ್ಸಿ ಲೆಕ್ಕದಲ್ಲಿ 90 ಸೆಂ.ಮೀ.ಗೆ ಕಟ್ಟಿದ್ದ. ಗಿಡ್ಡದ ಭುಜವೇ ಸುಮಾರು ಅಷ್ಟು. ಭುಜದ ಮೂರನೇ ಎರಡರಷ್ಟು, ಅಂದರೆ 60ಕ್ಕೆ ಹಾಟ್, 40ಕ್ಕೆ ಅರ್ಥ್.

ಬೇಲಿಯ ಕಥೆ ಇಷ್ಟು. ಆದರೆ ಕಪ್ಪಿ ಬೇಲಿಯನ್ನು ಪರೀಕ್ಷಿಸಲು ಹೋಗಿದ್ದೇಕೆ? ಹೊಟ್ಟೆ ತುಂಬಿದ ದನ ತಂತಿಯ ಹತ್ತಿರ ಸುಳಿಯುವುದಿಲ್ಲ. ಮಾರ್ಚಿನ ಕರಡದಲ್ಲಿ ಪ್ರೋಟೀನ್ ಶೇ. 3ರ ಆಸುಪಾಸು. ಶೇ. 7ಕ್ಕಿಂತ ಕೆಳಗಾದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಸೊರಗುತ್ತವೆ, ನಾರು ಕರಗುವುದಿಲ್ಲ, ಮೇವು ಒಳಗೇ ಕೂರುತ್ತದೆ; ಕಾಲಡಿ ಹುಲ್ಲಿದ್ದರೂ ದನ ತಿನ್ನುವುದಿಲ್ಲ. 120 ಕೆ.ಜಿ.ಯ ಗಿಡ್ಡಕ್ಕೆ ದಿನಕ್ಕೆ 300 ಗ್ರಾಂ ಶೇಂಗಾ ಹಿಂಡಿ ಕೊಟ್ಟರೆ ಈ ಕೊರತೆ ತುಂಬುತ್ತದೆ. ಆ ವಾರ ಹಿಂಡಿಯ ಬಿಲ್ ಪಾಸಾಗಿರಲಿಲ್ಲ. ಬಕೆಟ್ಟಿನಲ್ಲಿದ್ದದ್ದು ಚೀಲದ ತಳ ಕೊಡವಿದ ಪುಡಿ.

ಸುಳಿವು ಮೊದಲೇ ಸಿಕ್ಕಿತ್ತು. ಎರಡು ದಿನದಿಂದ ಸಗಣಿ ಗಟ್ಟಿಯಾಗಿ, ಉಂಗುರದ ಮೇಲೆ ಉಂಗುರವಾಗಿ ಬೀಳುತ್ತಿತ್ತು. ಕಾಲಿನಿಂದ ಒಡೆದರೆ ಒಳಗೆ ಉದ್ದುದ್ದ ನಾರು. ಪ್ರೋಟೀನ್ ಕೊರತೆಯ ಸಗಣಿ ಹೀಗೇ ಇರುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದು ‘ನೀರು ಸಾಲದು’ ಎಂದು. ತೊಟ್ಟಿ ತುಂಬಿತ್ತು, ಹೋಗಿ ನೋಡಿದ್ದರೆ ತಿಳಿಯುತ್ತಿತ್ತು.

ಹಿಂಡಿಯ ಬಿಲ್ಲಿಗೆ ಕಾಯದಿರಲು ಈಗ ಗ್ಲಿರಿಸಿಡಿಯಾ (ಗೊಬ್ಬರದ ಗಿಡ). ತಲೆಗೆ 2 ಕೆ.ಜಿ. ಹಸಿ ಸೊಪ್ಪು, ಒಂದು ದಿನ ಬಾಡಿಸಿ; ಹಸಿಯದರ ವಾಸನೆಗೆ ದನ ಮುಖ ತಿರುಗಿಸುತ್ತವೆ. ಗಿಡವನ್ನು ಹಾಗೇ ಬಿಟ್ಟರೆ ಮಾರ್ಚಿಗೆ ಹೂವಷ್ಟೇ ಉಳಿದು ಎಲೆ ಉದುರಿರುತ್ತದೆ. ಮಣ್ಣಿನ ತೇವ ಆರುವ ಮೊದಲೇ, ದೀಪಾವಳಿ ಮುಗಿದ ಕೂಡಲೇ ಸವರಿದರೆ ಹೊಸ ಚಿಗುರಿನ ಎಲೆ ಬೇಸಿಗೆಗೆ ಸಿಗುತ್ತದೆ.

ಬೇಲಿ ಪರೀಕ್ಷೆಯನ್ನು ಈಗ ಮಧ್ಯಾಹ್ನ 3ಕ್ಕೆ, ಶೆಡ್ಡಿನಿಂದ ಅತಿ ದೂರದ ಮೂಲೆಯಲ್ಲಿ, ಮೀಟರಿನ ಒಂದು ಕಡ್ಡಿಯನ್ನು ಮೇಲಿನ ತಂತಿಗೆ, ಇನ್ನೊಂದನ್ನು ಕೆಳತಂತಿಗೆ ತಾಗಿಸಿ ಮಾಡುತ್ತೇವೆ. 3 ಕೆವಿಗಿಂತ ಕಡಿಮೆಯಿದ್ದರೆ ದನ ಬಿಡುವುದಿಲ್ಲ. ಆಫೀಸಿನ ಗ್ರೂಪಿಗೆ ಬೆಳಿಗ್ಗೆ 7ಕ್ಕೆ ಡಿಸ್‌ಪ್ಲೇಯ ಫೋಟೋ ಹಾಕಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ. ಹಾಕುತ್ತೇವೆ. 8.1 ಇದ್ದರೆ ಹೆಬ್ಬೆರಳು ಬರುತ್ತದೆ.