ಆವತ್ತು ಎಲ್ಲಿದ್ರಿ ಅಂತ ಕೇಳೋರಿಗೆ

ಮನೇಲಿದ್ದೆ. ಉತ್ತರ ಇಷ್ಟೇ. ಇಷ್ಟು ಸಾಕು ಅನ್ನೋರು ಇಲ್ಲಿಂದಲೇ ಹೊರಡಬಹುದು.

ಮಂಡ್ಯದ ಸಂಜಯ ವೃತ್ತದಲ್ಲಿ ಯುದ್ಧ ಬೇಡ ಅಂತ ಏಳೆಂಟು ಜನ ರಟ್ಟು ಹಿಡಿದು ನಿಂತರೆ, ಒಬ್ಬರಾದರೂ ಸ್ಕೂಟರ್ ನಿಧಾನ ಮಾಡಿ ಕೇಳುತ್ತಾರೆ: "ಗಾಜಾಕ್ಕೆ ಬಂದಿದ್ದೀರಲ್ಲ ಸಾರ್, ಉಕ್ರೇನಿಗೆ ಎಲ್ಲಿದ್ರಿ?" ಉಕ್ರೇನಿಗೆ ನಿಂತಿದ್ದರೆ ಟಿಬೆಟ್ ಅನ್ನುತ್ತಿದ್ದರು. ಮೊನ್ನೆಯವರಂತೂ ಹೆಲ್ಮೆಟ್ಟಿನ ಗಾಜು ಕೂಡ ಮೇಲೆತ್ತಲಿಲ್ಲ. ಉತ್ತರ ಬೇಕಿದ್ದವರು ಗಾಡಿ ಆಫ್ ಮಾಡ್ತಾರೆ, ಅಲ್ವಾ? ಕಾವೇರಿ ಗಲಾಟೆ ಅಂದರೆ ಇದೇ ವೃತ್ತದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಆಗ ಯಾರೂ "ಮಹದಾಯಿಗೆ ಎಲ್ಲಿದ್ರಿ?" ಅಂತ ಕೇಳಲ್ಲ.

ಕೇಳುವ ರೀತಿಗೆ ಮೈ ಉರಿಯುತ್ತೆ. ಆದರೆ ಕೇಳಿದ್ದು ಸುಳ್ಳು ಅನ್ನೋಕೂ ಆಗಲ್ಲ.

ಈಚೆಗೆ ಚಿಕ್ಕಮ್ಮನ ಮನೆ ಅಟ್ಟ ಖಾಲಿ ಮಾಡುವಾಗ 2003ರ ನಮ್ಮ ಬ್ಯಾನರ್ ಸಿಕ್ಕಿತು. ಬಿಳಿ ಬಟ್ಟೆ, ಕೆಂಪು ಅಕ್ಷರ. "ಬುಷ್, ಇರಾಕ್ ಬಿಟ್ಟು ತೊಲಗು." ಬುಷ್ ಅನ್ನೋದು ಮೊಳದುದ್ದ, ಉಳಿದದ್ದೆಲ್ಲ ಗೇಣುದ್ದ. ಚಿಕ್ಕಮ್ಮ ಇಷ್ಟು ವರ್ಷ ಅದರ ಮೇಲೆ ಹುಣಸೆಹಣ್ಣು ಒಣಗಿಸಿದ್ದಾರೆ. ಇರಾಕ್ ಪೂರ್ತಿ ಕಂದು ಕಲೆ.

ಬುಷ್ ಹೋದ ಮೇಲೆ ಒಂದು ತೇಪೆ ಹಾಕಿ ಹೆಸರು ಬದಲಿಸಿದ್ದರೆ ಸಾಕಿತ್ತು. 2009ರ ಡಿಸೆಂಬರ್ 1ರಂದು ಒಬಾಮ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುತ್ತೇನೆ ಅಂದರು. ಒಂಬತ್ತು ದಿನ ಬಿಟ್ಟು ನೊಬೆಲ್ ಶಾಂತಿ ಪ್ರಶಸ್ತಿ ತಗೊಂಡರು. 2011ರಲ್ಲಿ ಲಿಬಿಯಾ ಮೇಲೆ ಬಾಂಬು. ನಾವು ಬ್ಯಾನರ್ ಬಿಚ್ಚಲೇ ಇಲ್ಲ. ಅಮೆರಿಕದಲ್ಲೂ ಇದೇ ಕಥೆ. ಮೈಕೆಲ್ ಹೇನಿ, ಫ್ಯಾಬಿಯೊ ರೋಹಾಸ್ ಅನ್ನೋ ಇಬ್ಬರು ಸಂಶೋಧಕರು ಮೆರವಣಿಗೆಗಳಲ್ಲೇ ಓಡಾಡಿ, ಬಂದವರನ್ನು ವಿಚಾರಿಸಿ ಲೆಕ್ಕ ಹಾಕಿದರು. ತಮ್ಮ ಪಕ್ಷದ ಒಬಾಮ ಗೆದ್ದ ಮೇಲೆ ಡೆಮಾಕ್ರಟರು ಯುದ್ಧವಿರೋಧಿ ಮೆರವಣಿಗೆಗಳಿಂದ ಮೆಲ್ಲಗೆ ಜಾರಿಕೊಂಡಿದ್ದರು. ಆ ಕಡೆಯವರು, ಬುಷ್ ಪಕ್ಷದ ರಿಪಬ್ಲಿಕನ್ನರೇನು ಕಮ್ಮಿ? 1999ರಲ್ಲಿ ಡೆಮಾಕ್ರಟ್ ಕ್ಲಿಂಟನ್ ಯುಗೊಸ್ಲಾವಿಯಾ ಮೇಲೆ ಬಾಂಬು ಹಾಕಿಸುವಾಗ, ಅದಕ್ಕೆ ಒಪ್ಪಿಗೆ ಕೊಡೋ ಬಗ್ಗೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮತ 213–213 ಆಯ್ತು, ಬೇಡ ಅಂದವರಲ್ಲಿ 187 ಜನ ರಿಪಬ್ಲಿಕನ್ನರು. 2002ರಲ್ಲಿ ತಮ್ಮ ಬುಷ್ ಇದ್ದಾಗ ಅದೇ ಮನೆಯಲ್ಲಿ ಇರಾಕ್ ಯುದ್ಧ ಬೇಡ ಅಂದ ರಿಪಬ್ಲಿಕನ್ನರು ಬರೀ ಆರು.

ಎಲ್ಲಿದ್ರಿ ಅನ್ನೋ ಬದಲು, ಯಾವುದು ಅಡ್ಡ ಬಂತು ಅಂತ ಯಾರಾದರೂ ಕೇಳಲಿ. ಅದಕ್ಕೆ ನನ್ನ ಹತ್ರ ಉತ್ತರ ಇದೆ.

ಮೈಸೂರು ಪಾಕ್ ಅಡ್ಡ ಬಂತು. 2008ರಲ್ಲಿ ಒಬಾಮ ಗೆದ್ದಾಗ ಆಫೀಸಿನಲ್ಲಿ ಒಂದು ಕೆಜಿ ತಂದು ಹಂಚಿದವನು ನಾನೇ. ಹಂಚಿದ ಬಾಯಲ್ಲೇ ಬೈಯೋದು ಹೇಗೆ? ಸುಮ್ನಿದ್ದೆ. ಉಕ್ರೇನ್ ವಿಷಯದಲ್ಲಿ ದಾಳಿ ಮಾಡಿದ್ದು ರಷ್ಯಾ, ನನಗೆ ಅಡ್ಡ ಬಂದಿದ್ದು ಚಿಕ್ಕವನಿದ್ದಾಗ ಪುಡಿಗಾಸಿಗೆ ಸಿಗುತ್ತಿದ್ದ ಸೋವಿಯತ್ ಚಿತ್ರಪುಸ್ತಕಗಳು. ಆ ನುಣುಪು ಹಾಳೆಯ ವಾಸನೆ ಇನ್ನೂ ಮೂಗಲ್ಲಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕೀವ್‌ನಲ್ಲಿ ನಮ್ಮ ಕರ್ನಾಟಕದ ಹುಡುಗನೇ ಸತ್ತ. ಮೆಡಿಕಲ್ ಓದೋಕೆ ಹೋಗಿದ್ದವನು. ಟಿವಿಯಲ್ಲಿ ನೋಡಿದೆ. ಸಂಜೆ ಯಾರಾದರೂ ಫೋನ್ ಮಾಡಬಹುದು ಅಂತ ಕಾದೆ. ಯಾರೂ ಮಾಡಲಿಲ್ಲ. ನಾನೂ ಮಾಡಲಿಲ್ಲ.

"ಇದ ತಕ್ಕೊಂಡೋಯ್ತೀಯಾ, ನಾನೇ ಮಡಿಕಳ್ಳಾ?" ಅಂತ ಚಿಕ್ಕಮ್ಮ ಬ್ಯಾನರ್ ಮಡಚುತ್ತಾ ಕೇಳಿದರು. ಹುಣಸೆಹಣ್ಣಿನ ಕಾಲ ಬಂದಿತ್ತು. ನೀವೇ ಇಟ್ಕೊಳ್ಳಿ ಚಿಕ್ಕಮ್ಮ ಅಂದೆ.