90 ಪಂದ್ಯ ಗೆದ್ದ ಮೇಲೂ ನನಗೇಕೆ ಇಷ್ಟು ಚಿಂತೆ?

"ನಿಮ್ಮ ತಂಡ ಮೊದಲ ಸ್ಥಾನದಲ್ಲಿದೆಯಲ್ಲ, ಮತ್ತೇಕೆ ಇಷ್ಟು ಚಿಂತೆ?" ಅಮೆರಿಕದ ನಮ್ಮೂರಿನ ಬೇಸ್‌ಬಾಲ್ ತಂಡ ಸಿಯಾಟಲ್ ಮ್ಯಾರಿನರ್ಸ್ 2025ರ ಸೆಪ್ಟೆಂಬರ್ 24ರ ರಾತ್ರಿ ತನ್ನ ವಿಭಾಗದ ಪ್ರಶಸ್ತಿಯನ್ನು ಗೆದ್ದುಕೊಂಡಂದಿನಿಂದ ಈ ಪ್ರಶ್ನೆಯನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕಚೇರಿಯಲ್ಲಿ ಪಕ್ಕದಲ್ಲಿ ಕೂರುವವರು ಕೇಳುತ್ತಾರೆ, ಮಗಳ ಕನ್ನಡ ತರಗತಿ ಬಿಡುವವರೆಗೆ ಬಾಗಿಲಲ್ಲಿ ಕಾಯುವ ತಾಯ್ತಂದೆಯರು ಕೇಳುತ್ತಾರೆ. ಮೈಸೂರಿನಿಂದ ಫೋನ್ ಮಾಡುವ ಭಾವನಂತೂ "ಏನಮ್ಮಾ, ನಿಮ್ಮ ಹುಡುಗ ಅರವತ್ತು ಸಿಕ್ಸರ್ ಹೊಡೆದನಂತೆ, ಇನ್ನು ಕಪ್ ನಿಮ್ಮದೇ ಅಲ್ವಾ?" ಎಂದು ಸಂತೋಷದಿಂದಲೇ ಕೇಳುತ್ತಾರೆ. ಅವರ ಸಂತೋಷಕ್ಕೆ ತಣ್ಣೀರೆರಚಲು ಮನಸ್ಸು ಬರುವುದಿಲ್ಲ. ಹಾಗೆಂದು ಹೂಂಗುಟ್ಟಿ ಸುಮ್ಮನಾಗಲೂ ಆಗುವುದಿಲ್ಲ. ಬರುವ ಶನಿವಾರ, ಅಕ್ಟೋಬರ್ 4ರಂದು, ನಮ್ಮ ಮೊದಲ ಪ್ಲೇಆಫ್ ಪಂದ್ಯ. ಅದಕ್ಕೆ ಮುನ್ನ ಉತ್ತರವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ತಂಡ ಚೆನ್ನಾಗಿಲ್ಲ ಎಂಬ ಮಾತು ನನ್ನ ಬಾಯಿಂದ ಎಂದೂ ಬಂದಿಲ್ಲ. 162 ಪಂದ್ಯಗಳಲ್ಲಿ 90 ಗೆದ್ದು, ಅಮೆರಿಕನ್ ಲೀಗಿನ ಪಶ್ಚಿಮ ವಿಭಾಗದಲ್ಲಿ 2001ರ ನಂತರ ಮೊದಲ ಬಾರಿಗೆ ಅಗ್ರಸ್ಥಾನ ಪಡೆದ ತಂಡವಿದು. ಪ್ರಶಸ್ತಿ ಕೈಗೆ ಬಂದ ಆ ರಾತ್ರಿಯೇ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವ, ಕ್ಯಾಲ್ ರಾಲಿ ತಮ್ಮ 59ನೆಯ ಮತ್ತು 60ನೆಯ ಹೋಮ್ ರನ್‌ಗಳನ್ನು (ಭಾವ ಸಿಕ್ಸರ್ ಎನ್ನುವುದು ಇದನ್ನೇ) ಹೊಡೆದರು. ಕ್ಯಾಚರ್‌ಗಳ ಪೈಕಿ ಒಂದು ಋತುವಿನ ಹಳೆಯ ದಾಖಲೆ 48 ಆಗಿತ್ತು. ಎಡ ಬಲ ಎರಡೂ ಬದಿಯಿಂದ ಬ್ಯಾಟ್ ಬೀಸುವವರಲ್ಲಿ ಮಿಕ್ಕಿ ಮ್ಯಾಂಟಲ್ 1961ರಲ್ಲಿ ಹೊಡೆದ 54ನ್ನು ಯಾರೂ ಮುಟ್ಟಿರಲಿಲ್ಲ. ನಮ್ಮ ತಂಡದಲ್ಲೇ ಕೆನ್ ಗ್ರಿಫಿ ಜೂನಿಯರ್ 1997 ಮತ್ತು 1998ರಲ್ಲಿ ತಲುಪಿದ 56 ಅಳಿಯದ ಗೆರೆಯಂತೆ ಉಳಿದಿತ್ತು. ಈ ಮೂರನ್ನೂ ರಾಲಿ ಒಂದೇ ಬೇಸಿಗೆಯಲ್ಲಿ ದಾಟಿದ್ದಾರೆ. ಹೂಲಿಯೊ ರೊಡ್ರೀಗೆಸ್ 32 ಹೋಮ್ ರನ್ ಹೊಡೆದು 30 ಬೇಸ್‌ಗಳನ್ನು ಕದ್ದಿದ್ದಾರೆ, ಅಂದರೆ ರನ್ನಿಗಾಗಿ ಸುತ್ತಬೇಕಾದ ಗುರುತುಗಳಲ್ಲಿ ಮುಂದಿನದನ್ನು ಎದುರಾಳಿ ಚೆಂಡೆಸೆಯುವಷ್ಟರಲ್ಲೇ ಓಡಿ ಹಿಡಿದಿದ್ದಾರೆ. ಇಂಥ ತಂಡವನ್ನು ಈ ಊರು ಬಹಳ ವರ್ಷಗಳಿಂದ ಕಂಡಿರಲಿಲ್ಲ, ಅದಕ್ಕಾಗಿ ನನಗೆ ಹೆಮ್ಮೆಯಿದೆ.

ಆದರೆ ಈ ಊರಿನ ಹಿಂದಿನ ಕಥೆ ಗೊತ್ತಿದ್ದವರಿಗೆ ಬರೀ ಹೆಮ್ಮೆಯಿಂದ ನಿದ್ದೆ ಬರುವುದಿಲ್ಲ. 1977ರಲ್ಲಿ ಆರಂಭವಾದ ಮ್ಯಾರಿನರ್ಸ್, ಕಪ್ಪಿಗಾಗಿ ನಡೆಯುವ ಕೊನೆಯ ಸರಣಿಯಾದ ವರ್ಲ್ಡ್ ಸೀರೀಸ್ ಅಂಗಳಕ್ಕೆ ಒಮ್ಮೆಯೂ ಕಾಲಿಡದ ತಂಡ. ಮೇಜರ್ ಲೀಗಿನ 30 ತಂಡಗಳಲ್ಲಿ ಹೀಗೆ ಉಳಿದಿರುವುದು ನಾವೊಬ್ಬರೇ. 2001ರಲ್ಲಿ, ಇಚಿರೊ ಸುಝುಕಿ ಜಪಾನಿನಿಂದ ಬಂದ ಮೊದಲ ವರ್ಷ, ತಂಡ 116 ಪಂದ್ಯಗಳನ್ನು ಗೆದ್ದು 1906ರ ಶಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿತ್ತು. ಆ ತಂಡವೇ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಐದು ಪಂದ್ಯಗಳಲ್ಲಿ ನಾಲ್ಕನ್ನು ಸೋತು ಮನೆಗೆ ಮರಳಿತು. ಆಮೇಲೆ ಸತತ 20 ಋತುಗಳ ಕಾಲ ಪ್ಲೇಆಫ್ ಎಂಬುದೇ ನಮಗೆ ಇರಲಿಲ್ಲ. 2022ರ ಸೆಪ್ಟೆಂಬರ್ 30ರಂದು, ಕೊನೆಯದಾದ ಒಂಬತ್ತನೆಯ ಇನಿಂಗ್ಸಿನಲ್ಲಿ, ಮೂರು ಔಟುಗಳಲ್ಲಿ ಎರಡು ಮುಗಿದಿದ್ದಾಗ, ಬದಲಿ ಬ್ಯಾಟರ್ ಆಗಿ ಬಂದ ಇದೇ ರಾಲಿ ಚೆಂಡನ್ನು ಗೋಡೆಯಾಚೆ ಕಳಿಸಿ ಆ ಬರವನ್ನು ಮುಗಿಸಿದರು. 2023ರಲ್ಲಿ ಒಂದೇ ಒಂದು ಪಂದ್ಯದಿಂದ ಅವಕಾಶ ತಪ್ಪಿತು, 2024ರಲ್ಲಿ ಮತ್ತೆ ಒಂದೇ ಪಂದ್ಯದಿಂದ.

2022ರ ಅಕ್ಟೋಬರ್ 15ರಂದು ನಾನು ಕ್ರೀಡಾಂಗಣದಲ್ಲಿದ್ದೆ. ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧದ ಐದು ಪಂದ್ಯಗಳ ಸರಣಿಯ ಮೂರನೆಯ ಪಂದ್ಯವದು. ಮೊದಲೆರಡನ್ನು ಸೋತಿದ್ದೆವು, 21 ವರ್ಷಗಳ ನಂತರ ಸಿಯಾಟಲ್‌ನಲ್ಲಿ ಪ್ಲೇಆಫ್ ಪಂದ್ಯ ನಡೆಯುತ್ತಿತ್ತು. ಹೊರಗಿನ ತಿಂಡಿಯನ್ನು ಒಳಗೆ ಬಿಡುತ್ತಾರಾದ್ದರಿಂದ ಆಗ ಒಂಬತ್ತು ವರ್ಷದವಳಾಗಿದ್ದ ಮಗಳಿಗೂ ನನಗೂ ಎಂದು ಆರು ಚಪಾತಿ, ಪಲ್ಯ, ಒಂದು ಪೊಟ್ಟಣ ನಿಪ್ಪಟ್ಟು ಕಟ್ಟಿಕೊಂಡು ಹೋಗಿದ್ದೆ. ಪಂದ್ಯ ಮಧ್ಯಾಹ್ನ ಒಂದು ಗಂಟೆಗೆ ಶುರುವಾಯಿತು. ನಮ್ಮ ಪಿಚರ್, ಅಂದರೆ ಎಸೆತಗಾರ, ಜಾರ್ಜ್ ಕರ್ಬಿ ಏಳು ಇನಿಂಗ್ಸ್ ಎಸೆದು ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಒಂಬತ್ತು ಇನಿಂಗ್ಸ್ ಮುಗಿದಾಗ 0–0. ಲೀಗ್ ಹಂತದಲ್ಲಾದರೆ ಹೆಚ್ಚುವರಿ ಇನಿಂಗ್ಸಿಗೆ ಎರಡನೆಯ ಬೇಸಿನಲ್ಲಿ ಒಬ್ಬ ಓಟಗಾರನನ್ನು ಮೊದಲೇ ನಿಲ್ಲಿಸಿರುತ್ತಾರೆ, ಪಂದ್ಯ ಬೇಗ ಮುಗಿಯುತ್ತದೆ. ಪ್ಲೇಆಫ್‌ನಲ್ಲಿ ಆ ನಿಯಮವಿಲ್ಲ. ಹದಿಮೂರನೆಯ ಇನಿಂಗ್ಸಿಗೆ ಚಪಾತಿ ಮುಗಿದಿತ್ತು, ಹದಿನೈದನೆಯದಕ್ಕೆ ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು, ನಿಪ್ಪಟ್ಟಿನ ಪುಡಿಯನ್ನು ಬೆರಳಿನಿಂದ ಒತ್ತಿ ತಿನ್ನುತ್ತಾ ನಾನು ಪ್ರತಿ ಎಸೆತಕ್ಕೂ ಎದ್ದು ಕೂರುತ್ತಿದ್ದೆ. ಹದಿನೆಂಟನೆಯ ಇನಿಂಗ್ಸಿನಲ್ಲಿ ಜೆರೆಮಿ ಪೆನ್ಯ ಹೊಡೆದ ಒಂದು ಹೋಮ್ ರನ್ನಿಗೆ 47 ಸಾವಿರ ಜನ ಒಮ್ಮೆಲೇ ಮೌನವಾದರು. ಆರು ಗಂಟೆ 22 ನಿಮಿಷಗಳ ಆಟ 1–0ಯಲ್ಲಿ ಮುಗಿಯಿತು, ಅದರೊಂದಿಗೆ ನಮ್ಮ ಋತುವೂ ಮುಗಿಯಿತು. ನಮ್ಮ ಪಿಚರ್‌ಗಳು ಹದಿನೇಳು ಇನಿಂಗ್ಸ್ ಎದುರಾಳಿಯನ್ನು ಸೊನ್ನೆಯಲ್ಲೇ ಕಟ್ಟಿಹಾಕಿದ್ದರು, ನಮ್ಮ ಬ್ಯಾಟರ್‌ಗಳಿಗೆ ಒಂದೇ ಒಂದು ರನ್ ಬೇಕಾಗಿತ್ತು, ಅದು ಬರಲಿಲ್ಲ. ಇಂದಿನ ನನ್ನ ಚಿಂತೆಯ ಬೇರು ಆ ಮಧ್ಯಾಹ್ನದಲ್ಲಿದೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲಿನ ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. 162ರಲ್ಲಿ 90 ಗೆಲ್ಲುವುದೆಂದರೆ ನೂರಕ್ಕೆ 55 ಅಥವಾ 56 ಗೆಲುವು. ಈ ಆಟದಲ್ಲಿ ಅದು ಉತ್ತಮ ತಂಡದ ಗುರುತು. ಆದರೆ ನೂರಕ್ಕೆ 55 ಸಲ ಗೆಲ್ಲುವ ತಂಡ ಐದು ಪಂದ್ಯಗಳ ಸರಣಿಯನ್ನು ಗೆಲ್ಲುವ ಸಾಧ್ಯತೆ ಶೇ 59ರಷ್ಟು ಮಾತ್ರ, ಏಳು ಪಂದ್ಯಗಳದ್ದಾದರೆ ಶೇ 61ರಷ್ಟು. ನಮ್ಮ ಮುಂದೆ ಐದರದ್ದು ಒಂದು, ಏಳರದ್ದು ಎರಡು ಸರಣಿಗಳಿವೆ. ಮೂರನ್ನೂ ಗುಣಿಸಿದರೆ ಕಪ್ ಕೈಗೆ ಬರುವ ಸಾಧ್ಯತೆ ಶೇ 22ರ ಆಸುಪಾಸಿಗೆ ಇಳಿಯುತ್ತದೆ. ಅದೂ ಎದುರಾಳಿಗಳು ನಮಗಿಂತ ಸ್ವಲ್ಪ ಕಡಿಮೆಯವರು ಎಂದು ಇಟ್ಟುಕೊಂಡರೆ. ಆರು ತಿಂಗಳ ಆಟದಲ್ಲಿ ಒಂದು ಕೆಟ್ಟ ವಾರ ಬಂದರೆ ಮುಂದಿನ ವಾರ ಅದನ್ನು ಮುಚ್ಚಿಹಾಕುತ್ತದೆ. ಅಕ್ಟೋಬರಿನಲ್ಲಿ ಆ ಮುಂದಿನ ವಾರವೇ ಇರುವುದಿಲ್ಲ.

ಇದು ಎಲ್ಲ ತಂಡಗಳಿಗೂ ಇರುವ ಆತಂಕ. ನಮ್ಮದೇ ಆದದ್ದು ನಮ್ಮ ಪಿಚರ್ ಬ್ರಯನ್ ವೂ ಅವರ ಎದೆಯ ಸ್ನಾಯು.

ಸಿಯಾಟಲ್ ತಂಡದ ಬೆನ್ನೆಲುಬು ಅದರ ಆರಂಭಿಕ ಪಿಚರ್‌ಗಳು ಎಂದು ಎಲ್ಲರೂ ಹೇಳುತ್ತಾರೆ, ಹೇಳುವುದು ಸರಿಯಾಗಿಯೇ ಇದೆ. ಆದರೆ ಈ ವರ್ಷ ಆ ಬೆನ್ನೆಲುಬಿನ ಒಂದೊಂದು ಮೂಳೆಯೂ ಒಮ್ಮೊಮ್ಮೆ ಸಡಿಲಗೊಂಡಿದೆ. ಕರ್ಬಿ ಭುಜದ ನೋವಿನಿಂದ ಮೇ ತಿಂಗಳ ಕೊನೆಯ ಭಾಗದವರೆಗೂ ಹೊರಗಿದ್ದರು, ಲೋಗನ್ ಗಿಲ್ಬರ್ಟ್ ಮುಂಗೈ ಸ್ನಾಯುವಿನ ಸೆಳೆತದಿಂದ ಸುಮಾರು ಏಳು ವಾರ ಆಡಲಿಲ್ಲ, ಬ್ರೈಸ್ ಮಿಲ್ಲರ್ ಮೊಣಕೈ ತೊಂದರೆಯಿಂದ ಇನ್ನೂ ಹಳೆಯ ಲಯಕ್ಕೆ ಬಂದಿಲ್ಲ. ಈ ಎಲ್ಲ ದಿನಗಳಲ್ಲೂ ತಪ್ಪದೆ ಮೈದಾನಕ್ಕಿಳಿದವರು ವೂ. ಋತುವಿನಲ್ಲಿ ತಾವು ಎಸೆದ ಮೊದಲ 25 ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ ಕನಿಷ್ಠ ಆರು ಇನಿಂಗ್ಸ್ ಎಸೆದರು. ಆರಂಭಿಕ ಪಿಚರ್‌ಗಳನ್ನು ಐದನೆಯ ಇನಿಂಗ್ಸಿಗೇ ಹೊರಕರೆಯುವ ಈ ಕಾಲದಲ್ಲಿ ಇದು ಎಷ್ಟು ಅಪರೂಪವೆಂದು ಆಟ ಬಲ್ಲವರಿಗೆ ಗೊತ್ತು. ಅವರು ಎಸೆಯುವ ದಿನ ಬುಲ್‌ಪೆನ್ನಿಗೆ, ಅಂದರೆ ಕೊನೆಯ ಇನಿಂಗ್ಸುಗಳಿಗಾಗಿ ಕಾದು ಕೂರುವ ಪಿಚರ್‌ಗಳಿಗೆ, ಅರ್ಧ ರಜೆ ಸಿಕ್ಕಂತೆ. ಮರುದಿನ ಆಂದ್ರೆಸ್ ಮುನ್ಯೋಸ್ ಮತ್ತು ಮ್ಯಾಟ್ ಬ್ರ್ಯಾಶ್ ತಾಜಾ ತೋಳುಗಳೊಂದಿಗೆ ಬರುತ್ತಿದ್ದರು. ಸೆಪ್ಟೆಂಬರ್ 19ರಂದು ಹ್ಯೂಸ್ಟನ್‌ನಲ್ಲಿ ಐದು ಇನಿಂಗ್ಸ್ ಸೊಗಸಾಗಿ ಮುಗಿಸಿದ ವೂ ಆರನೆಯದನ್ನು ಎಸೆಯದೆ ಒಳನಡೆದರು. ನಾವು ಆ ಪಂದ್ಯವನ್ನು ಗೆದ್ದೆವು, ಸರಣಿಯ ಮೂರನ್ನೂ ಗೆದ್ದೆವು, ವಿಭಾಗದ ಅಗ್ರಸ್ಥಾನ ನಮ್ಮದೆಂಬುದು ಬಹುಮಟ್ಟಿಗೆ ನಿಶ್ಚಯವಾದದ್ದೇ ಆ ಮೂರು ದಿನಗಳಲ್ಲಿ. ಊರೆಲ್ಲ ಕುಣಿಯುತ್ತಿದ್ದಾಗ ನಾನು ಎದೆಯ ಸ್ನಾಯುವಿನ ಉರಿಯೂತ ವಾಸಿಯಾಗಲು ಎಷ್ಟು ದಿನ ಬೇಕೆಂದು ಓದುತ್ತಾ ಕೂತಿದ್ದೆ. ಅಂದಿನಿಂದ ವೂ ಪಂದ್ಯದಲ್ಲಿ ಚೆಂಡು ಹಿಡಿದಿಲ್ಲ. ಅವರಿಲ್ಲದಿದ್ದರೆ ಗಿಲ್ಬರ್ಟ್, ಕರ್ಬಿ, ಲೂಯಿಸ್ ಕಸ್ಟಿಯೊ ಮೂವರ ಮೇಲೆ ಭಾರ ಬೀಳುತ್ತದೆ. ಮೂವರೂ ಸಮರ್ಥರು, ನಿಜ. ಆದರೆ ನಾಲ್ಕನೆಯ ಪಂದ್ಯಕ್ಕೆ ಯಾರು, ಐದನೆಯ ಇನಿಂಗ್ಸಿನಲ್ಲೇ ಯಾರಾದರೂ ದಣಿದರೆ ಮುಂದಿನ ಹನ್ನೆರಡು ಔಟುಗಳನ್ನು ಪಡೆಯುವವರು ಯಾರು ಎಂಬ ಪ್ರಶ್ನೆಗಳು ರಾತ್ರಿ ಎರಡು ಗಂಟೆಗೂ ನನ್ನನ್ನು ಬಿಡುವುದಿಲ್ಲ.

ಎರಡನೆಯ ಚಿಂತೆ ಬ್ಯಾಟಿಂಗಿನದು. ನಮ್ಮವರು ಚೆಂಡನ್ನು ಬಹಳ ದೂರ ಹೊಡೆಯುತ್ತಾರೆ, ಹಾಗೆಯೇ ಬಹಳ ಸಲ ಬೀಸಿದ ಬ್ಯಾಟಿಗೆ ಚೆಂಡು ತಾಗುವುದೇ ಇಲ್ಲ. ರಾಲಿ ಮತ್ತು ಯೂಹೇನಿಯೊ ಸ್ವಾರೆಸ್ ಇಬ್ಬರೂ ಈ ವರ್ಷ 180ಕ್ಕಿಂತ ಹೆಚ್ಚು ಬಾರಿ ಸ್ಟ್ರೈಕ್‌ಔಟ್ ಆಗಿದ್ದಾರೆ, ಅಂದರೆ ಚೆಂಡನ್ನು ಮೈದಾನಕ್ಕೆ ಹೊಡೆಯಲಾಗದೆಯೇ ಔಟಾಗಿದ್ದಾರೆ. ಸ್ವಾರೆಸ್ ಜುಲೈ ಕೊನೆಯಲ್ಲಿ ಅರಿಜೋನಾದಿಂದ ಮರಳಿ ಬಂದಾಗ ನಾನು ಕಣ್ಣೀರು ಹಾಕಿದ್ದೆ, ಅವರು ನನ್ನ ಮಗಳ ಅಚ್ಚುಮೆಚ್ಚಿನ ಆಟಗಾರ; ಆದರೆ ಬಂದ ಮೇಲೆ ಅವರ ಬ್ಯಾಟು ಅರಿಜೋನಾದಲ್ಲಿ ಆಡಿದಂತೆ ಆಡಿಲ್ಲ ಎಂಬುದನ್ನು ಒಪ್ಪಲೇಬೇಕು. ಸಮುದ್ರದ ಕಡೆಯ ತಂಪು ಗಾಳಿಯಲ್ಲಿ ನಮ್ಮ ತವರು ಕ್ರೀಡಾಂಗಣವಾದ ಟಿ-ಮೊಬೈಲ್ ಪಾರ್ಕಿನಲ್ಲಿ ಚೆಂಡು ದೂರ ಹೋಗುವುದಿಲ್ಲ, ಅಕ್ಟೋಬರಿನ ಸಂಜೆಯಲ್ಲಂತೂ ಇನ್ನೂ ಕಷ್ಟ. ಹೋಮ್ ರನ್ ಬಾರದ ದಿನ ಒಂದು ಸಿಂಗಲ್, ಒಂದು ಕದ್ದ ಬೇಸ್, ಔಟ್‌ಫೀಲ್ಡಿಗೆ ಹೊಡೆದ ಒಂದು ಎತ್ತರದ ಚೆಂಡು ಇವುಗಳಿಂದ ರನ್ ಹೆಣೆಯಬೇಕು. ಜುಲೈನಲ್ಲೇ ತಂಡ ಸೇರಿದ ಜಾಶ್ ನೇಲರ್ ಆ ಕಲೆಯನ್ನು ಬಲ್ಲವರು. ಅವರು ಕ್ರೀಸಿಗೆ ಬಂದಾಗ ನನ್ನ ಉಸಿರು ಸ್ವಲ್ಪ ಸರಾಗವಾಗುತ್ತದೆ.

ನಿನ್ನೆ ಮುಗಿದ ಡಾಡ್ಜರ್ಸ್ ಸರಣಿಯ ಬಗ್ಗೆ "ಅದು ಲೆಕ್ಕಕ್ಕಿಲ್ಲದ ಸರಣಿ, ಬಿಡಿ" ಎನ್ನುವವರಿದ್ದಾರೆ. ಸ್ಥಾನ ಆಗಲೇ ಖಚಿತವಾಗಿತ್ತು, ನಿಜ. ಆದರೂ ತವರಿನಲ್ಲಿ ಮೂರಕ್ಕೆ ಮೂರನ್ನೂ ಸೋತೆವು. ಭಾನುವಾರ ನಾವು ಅಲ್ಲಿದ್ದೆವು. ನಿವೃತ್ತಿ ಘೋಷಿಸಿರುವ ಡಾಡ್ಜರ್ಸ್ ಪಿಚರ್ ಕ್ಲೇಟನ್ ಕರ್ಶಾ ತಮ್ಮ ಕೊನೆಯ ಲೀಗ್ ಪಂದ್ಯದಲ್ಲಿ ಐದು ಇನಿಂಗ್ಸ್ ದಾಟಿಯೂ ಒಂದು ರನ್ ಕೊಡಲಿಲ್ಲ. ಅವರು ಮೈದಾನದಿಂದ ಹೊರನಡೆದಾಗ ನಾನೂ ಎದ್ದು ನಿಂತು ಮನಸಾರೆ ಚಪ್ಪಾಳೆ ತಟ್ಟಿದೆ; ಅಂಥ ಆಟಗಾರನಿಗೆ ಅದು ಸಲ್ಲಬೇಕಾದದ್ದೇ. ಕೂತ ಮೇಲೆ ಮಾತ್ರ 37 ವರ್ಷದ, ಮೊದಲಿನ ವೇಗವಿಲ್ಲದ ಪಿಚರ್ ಒಬ್ಬರ ಎದುರು ನಮ್ಮವರು ಇಷ್ಟು ತಡವರಿಸಿದರೆ ಮುಂದೇನು ಎಂಬ ಯೋಚನೆ ಹತ್ತಿತು. ನಾಳೆಯಿಂದ ಕ್ಲೀವ್‌ಲ್ಯಾಂಡ್ ಮತ್ತು ಡೆಟ್ರಾಯಿಟ್ ತಂಡಗಳು ಮೂರು ಪಂದ್ಯಗಳ ಸರಣಿ ಆಡಲಿವೆ, ಗೆದ್ದವರು ಇಲ್ಲಿಗೆ ಬರುತ್ತಾರೆ. ಡೆಟ್ರಾಯಿಟ್ ಬಂದರೆ ಎಡಗೈ ಪಿಚರ್ ಟಾರಿಕ್ ಸ್ಕೂಬಲ್ ಅವರನ್ನು ಎದುರಿಸಬೇಕಾಗುತ್ತದೆ. ಕ್ಲೀವ್‌ಲ್ಯಾಂಡ್ ಬಂದರೆ ಹದಿನೈದೂವರೆ ಪಂದ್ಯಗಳ ಹಿನ್ನಡೆಯನ್ನು ತುಂಬಿಕೊಂಡು ತನ್ನ ವಿಭಾಗವನ್ನು ಗೆದ್ದ ಹುಮ್ಮಸ್ಸಿನ ತಂಡವನ್ನು. ಯಾರು ಬಂದರೂ ಸುಲಭವಿಲ್ಲ.

ಶನಿವಾರಕ್ಕೆ ಮುನ್ನ ನಮ್ಮ ತಂಡಕ್ಕೆ ಸಿಕ್ಕಿರುವ ಐದು ದಿನಗಳ ಬಿಡುವಿನ ಬಗ್ಗೆ ಜನ ಎರಡು ರೀತಿ ಮಾತಾಡುತ್ತಾರೆ. ಬ್ಯಾಟರ್‌ಗಳ ಲಯ ತಪ್ಪುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ನಾನು ಮಾತ್ರ ಈ ಬಿಡುವನ್ನು ರಾಲಿ ಅವರ ಮಂಡಿಗಳಿಗಾಗಿ ಸ್ವಾಗತಿಸುತ್ತೇನೆ. ಅವರು ಈ ವರ್ಷ ಆಡಿದ್ದು 159 ಪಂದ್ಯ. ಕ್ಯಾಚರ್ ಆದವರು ಒಂದು ಪಂದ್ಯದಲ್ಲಿ ನೂರೈವತ್ತರಷ್ಟು ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು, ಆಮೇಲೆ ಅದೇ ಕಾಲುಗಳ ಮೇಲೆ ನಿಂತು ಬ್ಯಾಟ್ ಬೀಸಬೇಕು. ಇನ್ನು ಮ್ಯಾನೇಜರ್ ಡ್ಯಾನ್ ವಿಲ್ಸನ್ ಅವರಿಗೆ ಈ ಹುದ್ದೆಯಲ್ಲಿ ಇದು ಮೊದಲ ಪ್ಲೇಆಫ್. ಆದರೆ 1995ರಲ್ಲೂ 2001ರಲ್ಲೂ ಇದೇ ತಂಡದ ಕ್ಯಾಚರ್ ಆಗಿದ್ದವರು ಅವರು, ಈ ಊರಿನ ಆಸೆ ಎಷ್ಟು ಹಳೆಯದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾವನಿಗೆ ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಭಾವ, ಆರ್‌ಸಿಬಿ ಹದಿನೆಂಟು ವರ್ಷ ಕಾಯಿಸಿತಲ್ಲ, ಜೂನ್ 3ರ ರಾತ್ರಿ ಕೊನೆಯ ಓವರ್ ಮುಗಿಯುವವರೆಗೆ ನೀವು ಸೋಫಾದ ಮೇಲೆ ಕೂತಿದ್ದಿರಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಮ್ಮ, ದೇವರ ಮನೆ ಬಾಗಿಲಲ್ಲಿ ನಿಂತಿದ್ದೆ" ಎಂದರು. ಆಮೇಲೆ ಅವರು ಕಪ್ಪಿನ ಮಾತೆತ್ತದೆ, ವೂ ಹೇಗಿದ್ದಾರೆ ಎಂದು ಕೇಳಿದರು.

ಅದು ನನಗೂ ಗೊತ್ತಾಗುವುದು ಸರಣಿಗೆ ಆಯ್ಕೆಯಾದ 26 ಆಟಗಾರರ ಪಟ್ಟಿ ಹೊರಬಿದ್ದ ಮೇಲೆಯೇ. ಅದರಲ್ಲಿ ಆ ಹೆಸರಿದ್ದರೂ ಇಲ್ಲದಿದ್ದರೂ ಶನಿವಾರ ಟುಕ್ವಿಲಾ ನಿಲ್ದಾಣದಲ್ಲಿ ನಾನೂ ಮಗಳೂ ರೈಲು ಹತ್ತುತ್ತೇವೆ. ಅವಳಿಗೆ ಈಗ ಹನ್ನೆರಡು ವರ್ಷ. ಈ ಸಲ ಹನ್ನೆರಡು ಚಪಾತಿಗೆ ಹಿಟ್ಟು ಕಲಸಬೇಕೆಂದು ಇವತ್ತೇ ಹೇಳಿಟ್ಟಿದ್ದಾಳೆ.