ನಿದ್ದೆಗೆಟ್ಟ ಮರುದಿನ

ಬೆಳಗಿನವರೆಗೆ ಯಕ್ಷಗಾನ ನೋಡುವ ಖುಷಿ ನಮ್ಮ ಕಡೆಯವರಿಗೆ ಗೊತ್ತೇ ಇದೆ ಅಲ್ವಾ? ಮರುದಿನ ಮಾತ್ರ ಸಣ್ಣ ಮಾತಿಗೂ ಸಿಟ್ಟು, ಸುಮ್ನೆ ಅಳು. ಇದು ಸ್ವಭಾವದ ದೋಷ ಅಲ್ಲ. 2007ರ ಒಂದು ಪ್ರಯೋಗದಲ್ಲಿ, ರಾತ್ರಿಯಿಡೀ ನಿದ್ದೆಗೆಟ್ಟವರ ಮೆದುಳಿನಲ್ಲಿ ಭಯ, ಸಿಟ್ಟಿನಂಥ ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಲಾ ಎಂಬ ಭಾಗ ಮನಸ್ಸು ಕೆಡಿಸುವ ಚಿತ್ರಗಳಿಗೆ ಸುಮಾರು 60% ಜಾಸ್ತಿ ಕೆರಳಿತ್ತು. ಅದನ್ನು ಹತೋಟಿಯಲ್ಲಿಡುವ ಮೆದುಳಿನ ಮುಂಭಾಗದ ಜೊತೆಗಿನ ನಂಟೂ ಸಡಿಲವಾಗಿತ್ತು. ಹಾಗಾಗಿ ಅಂಥ ದಿನ ನಾನು ದೊಡ್ಡ ತೀರ್ಮಾನ ಯಾವುದನ್ನೂ ಮಾಡುವುದಿಲ್ಲ. ಸಂಜೆ ಕದ್ರಿ ಪಾರ್ಕ್‌ನಲ್ಲಿ ಬಿರುಸಾಗಿ ನಡೆಯುತ್ತೇನೆ. ಉಸಿರು ಸ್ವಲ್ಪ ಜೋರಾಗಬೇಕು, ಅಷ್ಟೇ. ಮನಸ್ಸು ಹಗುರಾಗುತ್ತದೆ, ರಾತ್ರಿ ನಿದ್ದೆಯೂ ಬೇಗ ಬರುತ್ತದೆ.

ಮನೆಯಲ್ಲಿ ಮಕ್ಕಳು ಪರೀಕ್ಷೆಗೆಂದು ನಿದ್ದೆಗೆಟ್ಟು ಓದುತ್ತಿದ್ದರೆ ದಯವಿಟ್ಟು ಮಲಗಿಸಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು.